ಅಪ್ಪನ ಲೆಕ್ಕ ಕನ್ನಡದಲ್ಲೇ ಉಳಿದಿದೆ

ಭಿವಂಡಿ ಎಂದರೆ ಹೊರಗಿನವರಿಗೆ ಮೂರೇ ನೆನಪು. ಪವರ್‌ಲೂಮಿನ ಖಟಖಟ, ಸಾಲು ಸಾಲು ಗೋದಾಮು, ಮುಗಿಯದ ಟ್ರಾಫಿಕ್. ನಮ್ಮಂಥ ಕರಾವಳಿ ಕನ್ನಡಿಗರ ಮನೆಗಳಲ್ಲಿ ನಾಲ್ಕನೆಯದೊಂದಿದೆ, ಹೊಟೇಲು. ಮಗ್ಗದ ಪಾಳಿ ಮುಗಿಸಿ ಬರುವ ಉತ್ತರಪ್ರದೇಶದವರಿಗೆ, ತೆಲುಗರಿಗೆ ಚಹಾ, ಉಸಳ್, ಇಡ್ಲಿ ಬಡಿಸುತ್ತಲೇ ನಮ್ಮ ಹಿರಿಯರು ಇಲ್ಲಿ ಸಂಸಾರ ಕಟ್ಟಿಕೊಂಡರು. ಇಡೀ ಪಟ್ಟಣವೇ ದುಡಿಯುವ ವಯಸ್ಸಿನವರು ದುಡಿಯುವ ವಯಸ್ಸಿನವರಿಗಾಗಿ ಕಟ್ಟಿದ್ದು. ಇವರಿಗೂ ಒಂದು ದಿನ ವಯಸ್ಸಾಗುತ್ತದೆ ಎಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ.

2001ರಲ್ಲಿ ಥಾಣೆ ಜಿಲ್ಲೆಯ ಜನಸಂಖ್ಯೆ ಸುಮಾರು 81 ಲಕ್ಷ. 2011ರ ಜನಗಣತಿಯ ಹೊತ್ತಿಗೆ ಅದು 1 ಕೋಟಿ 10 ಲಕ್ಷ ದಾಟಿ, ದೇಶದಲ್ಲೇ ಅತಿ ಹೆಚ್ಚು ಜನರಿರುವ ಜಿಲ್ಲೆ ಎನಿಸಿತು. ಪಾಲ್ಘರ್ ಬೇರೆ ಜಿಲ್ಲೆಯಾದದ್ದು ಆಮೇಲೆ, 2014ರಲ್ಲಿ. ಹೀಗೆ ಬೆಳೆಯುವ ಊರಿನಲ್ಲಿ ನೀರು, ರಸ್ತೆ, ಲೋಕಲ್ ಟ್ರೈನಿನ ಜಾಗಕ್ಕಾಗಿ ಜಗಳವಾಗುತ್ತದೆಯೇ ಹೊರತು ಮುದುಕರ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ನೋಡಿ: 2022ರಲ್ಲಿ ಭಾರತದಲ್ಲಿ 60 ದಾಟಿದವರು ಸುಮಾರು 14.9 ಕೋಟಿ, ಅಂದರೆ ನೂರಕ್ಕೆ ಹತ್ತೂವರೆ ಜನ. 2050ಕ್ಕೆ ಇದು 34.7 ಕೋಟಿಯಾಗಿ ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ. ಆ ಐವರಲ್ಲಿ ಒಬ್ಬ ನಾನೇ. ಈಗ ನನಗೆ ಮೂವತ್ತೆಂಟು.

ನನ್ನ ಅಪ್ಪ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದದ್ದು ಹದಿನೈದನೇ ವಯಸ್ಸಿಗೆ. ಹಗಲು ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಆಮೇಲೆ ಭಿವಂಡಿಯಲ್ಲಿ ಮಗ್ಗಗಳ ಪಕ್ಕ ಸಣ್ಣ ಕ್ಯಾಂಟೀನು ಹಾಕಿದರು. ಗಿರಾಕಿ ಯಾವ ಭಾಷೆಯವನೋ ಅಪ್ಪನದೂ ಅದೇ ಭಾಷೆ: ಹಿಂದಿ, ಮರಾಠಿ, ಅಲ್ಪಸ್ವಲ್ಪ ತೆಲುಗು. ಮನೆಯಲ್ಲಿ ಮಾತ್ರ ಶುದ್ಧ ಕುಂದಾಪ್ರ ಕನ್ನಡ. ಈಗ ಎಪ್ಪತ್ತಾರು. ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿದ್ದ ಅವರನ್ನು ಕಲ್ಯಾಣದ ನನ್ನ ಮನೆಗೆ ಕರೆತಂದು ಎರಡು ವರ್ಷವಾಯಿತು. ಮಂಡಿನೋವಿನವರಿಗೆ ಆ ಐವತ್ತು ಮೆಟ್ಟಿಲು ಹೇಗೆ ಒಂದು ಬಗೆಯ ಸೆರೆಮನೆಯಾಗುತ್ತದೆ ಎಂಬುದು ಡೊಂಬಿವಲಿ, ಭಿವಂಡಿ, ಥಾಣೆಯ ಹಳೆಯ ಕಟ್ಟಡಗಳಲ್ಲಿರುವ ಎಲ್ಲರಿಗೂ ಗೊತ್ತು. ಮೊದಲು ಸಂಜೆಯ ತಿರುಗಾಟ ನಿಲ್ಲುತ್ತದೆ, ಆಮೇಲೆ ಮಾರ್ಕೆಟ್, ಆಮೇಲೆ ಸಂಘದ ಕಾರ್ಯಕ್ರಮ. ಕೊನೆಗೆ ಆಸ್ಪತ್ರೆಗೆ ಹೋಗುವುದಕ್ಕಷ್ಟೇ ಇಳಿಯುತ್ತಾರೆ.

ಅಪ್ಪನಿಗೆ ಮರೆವು ಶುರುವಾದಾಗ ಮೊದಲು ಹೋದದ್ದು ಭಾಷೆ. ಅದೂ ಕ್ರಮವಾಗಿ, ಕೊನೆಗೆ ಬಂದದ್ದು ಮೊದಲು ಹೋಯಿತು. ತೆಲುಗು ಹೋಯಿತು, ಮರಾಠಿ ತಡವರಿಸಿತು, ಅರವತ್ತು ವರ್ಷ ವ್ಯಾಪಾರ ನಡೆಸಿದ ಹಿಂದಿಯೇ ಸಿಕ್ಕದಾಯಿತು. ಥಾಣೆಯ ನರರೋಗ ತಜ್ಞರೊಬ್ಬರ ಬಳಿ ಹೋದೆವು. ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಹಿಂದಿಯಲ್ಲಿ ಕೇಳಿದರು: ಇವತ್ತು ಯಾವ ವಾರ? ಇದು ಯಾವ ಜಿಲ್ಲೆ? ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ಅಪ್ಪ ನನ್ನತ್ತ ತಿರುಗಿ, "ಅವ್ರ್ ಎಂತ ಅಂಬ್ರ್ ಮಗಾ?" ಎಂದರು. ನಾನು ಕನ್ನಡದಲ್ಲಿ ಹೇಳಿದೆ. ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಗಲ್ಲೆಯಲ್ಲಿ ಕೂತವರ ಹಾಗೆ ಹೇಳುತ್ತಾ ಹೋದರು. ಅಲ್ಲಿಗೆ ನಿಂತರು. ವಾರ ಹೇಳಲಾಗಲಿಲ್ಲ. ಹೇಳಿಕೊಟ್ಟ ಮೂರು ಪದಗಳಲ್ಲಿ ಒಂದು ಮಾತ್ರ ನೆನಪಿತ್ತು.

ಕಾಯಿಲೆ ಇಲ್ಲ ಎಂದಲ್ಲ, ಇದೆ. ಆದರೆ ಎಷ್ಟಿದೆ ಎಂಬುದು ಹಿಂದಿಯಲ್ಲಿ ಒಂದು, ಕನ್ನಡದಲ್ಲಿ ಇನ್ನೊಂದು. ಪರೀಕ್ಷೆಗೆ ಮನೆಯವರು ದುಭಾಷಿಗಳಾದರೆ ಅದೂ ಸರಿಯಲ್ಲ, ಯಾಕೆಂದರೆ ನಮಗೆ ಗೊತ್ತಿಲ್ಲದೆಯೇ ದನಿಯಲ್ಲಿ ಉತ್ತರ ಸೂಚಿಸಿಬಿಡುತ್ತೇವೆ. ಇದನ್ನು ಹುಡುಕುತ್ತಾ ಹೋದಾಗ ತಿಳಿದದ್ದು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಐದು ಭಾರತೀಯ ಭಾಷೆಗಳಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿದೆ, ಅವುಗಳಲ್ಲಿ ಕನ್ನಡವೂ ಒಂದು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವಿಷಯವೂ ಕುತೂಹಲದ್ದು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಮರೆಗುಳಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಶಾಲೆಗೆ ಹೋಗದವರಲ್ಲಿಯೂ ಸಹ. ಕ್ಯಾಂಟೀನಿನ ನಾಲ್ಕು ಭಾಷೆಗಳು ಅಪ್ಪನಿಗೆ ಗಳಿಸಿಕೊಟ್ಟದ್ದು ರೊಟ್ಟಿಯನ್ನಷ್ಟೇ ಅಲ್ಲವೇನೋ ಎಂದುಕೊಂಡೆ.

ಇದು ಒಂದು ಮನೆಯ ಕತೆಯಲ್ಲ. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆಯೆಂದು 2023ರಲ್ಲಿ ಬಂದ ಅಂದಾಜು. ಲ್ಯಾನ್ಸೆಟ್ ಆಯೋಗ 2024ರಲ್ಲಿ, ನಾವು ತಡೆಯಬಹುದಾದ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿತು. ಬಿಪಿ, ಸಕ್ಕರೆ ಕಾಯಿಲೆ, ದೃಷ್ಟಿದೋಷ, ಕಿವುಡು, ಒಂಟಿತನ ಎಲ್ಲವೂ ಅದರಲ್ಲಿವೆ. ಮಗ್ಗದ ಸದ್ದಿನ ಪಕ್ಕ ಮೂವತ್ತು ವರ್ಷ ಕೂತ ಕಿವಿ, ಮೂರನೇ ಮಹಡಿಯ ಒಂಟಿತನ: ಆ ಪಟ್ಟಿ ಓದುವಾಗ ಭಿವಂಡಿಯೇ ಕಣ್ಣ ಮುಂದೆ ಬಂತು. ಶ್ರವಣಯಂತ್ರ ಹಾಕಿಸಿದ ಮೇಲೆ ಅಪ್ಪ ಮತ್ತೆ ಮಾತಿಗೆ ಕೂರುತ್ತಾರೆ. ಮರೆವು ಹೋಗಿಲ್ಲ, ಆದರೆ ಮನೆಯ ಮಾತಿನೊಳಗೆ ಇದ್ದಾರೆ.

ದುಡ್ಡಿನ ಮಾತೂ ಆಡಬೇಕು. ಇಪ್ಪತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗೆ ಭವಿಷ್ಯನಿಧಿ ಕಡ್ಡಾಯವಲ್ಲ. ನಮ್ಮ ಹೆಚ್ಚಿನ ಸಣ್ಣ ಹೊಟೇಲುಗಳು ಅಷ್ಟರೊಳಗಿನವೇ. ಹಾಗಾಗಿ ನಲವತ್ತು ವರ್ಷ ದುಡಿದ ಅಡುಗೆಭಟ್ಟರಿಗೆ, ಮಾಣಿಗಳಿಗೆ ಪಿಂಚಣಿಯೆಂಬುದಿಲ್ಲ. ಇದ್ದುದರಲ್ಲಿ ಉಪಯೋಗದ್ದು 2024ರ ಅಕ್ಟೋಬರಿನಲ್ಲಿ ಶುರುವಾದ ಆಯುಷ್ಮಾನ್ ವಯ ವಂದನಾ ಕಾರ್ಡ್. 70 ದಾಟಿದ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚು ಸಿಗುತ್ತದೆ. ಆಧಾರ್ ಸಾಕು, ರೇಷನ್ ಕಾರ್ಡ್ ಯಾವ ರಾಜ್ಯದ್ದೆಂಬ ಪ್ರಶ್ನೆಯಿಲ್ಲ. ಆದರೆ ಇದು ದಾಖಲಾದವರಿಗೆ ಮಾತ್ರ. ದಿನದಿನದ ಮಾತ್ರೆ, ಮನೆಯಲ್ಲಿ ನೋಡಿಕೊಳ್ಳುವವರ ಸಂಬಳ ಇದರಲ್ಲಿ ಬರುವುದಿಲ್ಲ. ವಯಸ್ಸಾದವರ ನಿಜವಾದ ಖರ್ಚು ಇರುವುದೇ ಅಲ್ಲಿ. ಆ ಖರ್ಚನ್ನು ಹೆಚ್ಚಿನ ಮನೆಗಳಲ್ಲಿ ಒಬ್ಬ ಸೊಸೆಯೋ ಮಗಳೋ ಕೆಲಸ ಬಿಟ್ಟು ತೀರಿಸುತ್ತಾಳೆ. ನಮ್ಮಲ್ಲಿ ನಾನು ಮನೆಯಿಂದ ಕೆಲಸ ಮಾಡುವ ಮೂರು ದಿನ, ಹೆಂಡತಿ ಎರಡು ದಿನ ಎಂದು ಹಂಚಿಕೊಂಡಿದ್ದೇವೆ. ಈ ಅನುಕೂಲ ಐಟಿಯವರಿಗೆ ಇದೆ, ಎಲ್ಲರಿಗೂ ಇಲ್ಲ.

"ಊರಿಗೆ ಕಳಿಸಿಬಿಡಿ, ಗಾಳಿ ಚೆನ್ನಾಗಿದೆ" ಎನ್ನುವವರಿದ್ದಾರೆ. ಊರಲ್ಲಿ ಯಾರಿದ್ದಾರೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ (2019-21) ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಇದ್ದ ಮಕ್ಕಳು ಬೆಂಗಳೂರು, ದುಬೈ ಸೇರಿದ್ದಾರೆ. ಕುಂದಾಪುರದ ನಮ್ಮ ಹಳ್ಳಿಯ ದೊಡ್ಡ ಮನೆಗಳಲ್ಲಿ ಇರುವುದೂ ಅಪ್ಪನ ವಯಸ್ಸಿನವರೇ. ಬಂದು ಹೋಗುವುದೂ ಸುಲಭವಲ್ಲ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು ಮತ್ತೆ ಶುರುವಾಗಿಲ್ಲ.

ಉಳಿದದ್ದು ನಮ್ಮ ಸಂಘಗಳು. ಮುಂಬಯಿ, ಥಾಣೆಯ ಕನ್ನಡ ಸಂಘಗಳು ರಾತ್ರಿಶಾಲೆ ನಡೆಸಿದ್ದು, ಊರಿಂದ ಬಂದ ಹುಡುಗರಿಗೆ ಅಕ್ಷರ ಬೇಕಿತ್ತೆಂದು. ಆ ಹುಡುಗರೇ ಈಗ ಎಪ್ಪತ್ತೈದರವರು. ಅವರಿಗೆ ಬೇಕಾದದ್ದು ಸನ್ಮಾನದ ಶಾಲಲ್ಲ, ವಾರಕ್ಕೊಮ್ಮೆ ಮೆಟ್ಟಿಲು ಹತ್ತಿಬಂದು ಒಂದು ತಾಸು ಕನ್ನಡದಲ್ಲಿ ಹರಟುವ ಒಬ್ಬ ಮನುಷ್ಯ. ಡಾಕ್ಟರ ಬಳಿ ಜತೆಗೆ ಹೋಗಬಲ್ಲ, ಮನೆಯವರಲ್ಲದ ಒಬ್ಬ ದುಭಾಷಿ. ಕಾರ್ಡ್ ಮಾಡಿಸಿಕೊಡುವ ಒಂದು ಭಾನುವಾರ. ಕೇಂದ್ರ ಸರ್ಕಾರದ ಹಿರಿಯರ ಸಹಾಯವಾಣಿ 14567, ಅದನ್ನು ಫ್ರಿಜ್ಜಿನ ಮೇಲೆ ದೊಡ್ಡಕ್ಷರದಲ್ಲಿ ಅಂಟಿಸಿಡಿ. ನಮ್ಮ ಕಟ್ಟಡದ ಇಬ್ಬರು ಕಾಲೇಜು ಹುಡುಗರು ಈಗ ಶನಿವಾರ ಬಂದು ಅಪ್ಪನ ಜತೆ ಕೂರುತ್ತಾರೆ. ಅವರ ಕನ್ನಡ ಹರುಕುಮುರುಕು. ಅಪ್ಪ ತಿದ್ದುತ್ತಾರೆ, ತಿದ್ದುವಾಗ ಎಲ್ಲವೂ ನೆನಪಿರುತ್ತದೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಆಟದಲ್ಲಿ ಹಿಂದಿ, ಮರಾಠಿ. 2050ರ ಹೊತ್ತಿಗೆ ನನ್ನ ಭಾಷೆಗಳೂ ಒಂದೊಂದಾಗಿ ಹೋದರೆ ಕೊನೆಗೆ ಉಳಿಯುವುದು ಕನ್ನಡವೇ. ಆಗ ನನಗೆ ಬಾಯಾರಿಕೆಯಾಗಿದೆ ಎಂದರೆ ಅವಳಿಗೆ ತಿಳಿಯಬೇಕಲ್ಲ. ಅದಕ್ಕೇ ದಿನಾ ಸಂಜೆ ಅರ್ಧ ಗಂಟೆ ಅವಳನ್ನು ಅಜ್ಜನ ಪಕ್ಕ ಕೂರಿಸುತ್ತೇನೆ, ಮಗ್ಗಿ ಕಲಿಯಲು.