ಕಲಾಯಿ

ನಮ್ಮೂರು ತಳಕು. ಚಳ್ಳಕೆರೆಯಿಂದ ಬಳ್ಳಾರಿ ಬಸ್ಸು ಹತ್ತಿದವರು ಕಿಟಕಿಯಿಂದ ಕಂಡಿರುತ್ತೀರಿ. ಓದುವ ಹವ್ಯಾಸವಿದ್ದವರಿಗೆ ವೆಂಕಣ್ಣಯ್ಯನವರ, ತ.ರಾ.ಸು. ಅವರ ಹೆಸರಿನ ಮೊದಲಕ್ಷರವಾಗಿಯಾದರೂ ಗೊತ್ತಿರುತ್ತದೆ. ಅಲ್ಲಿನ ನಮ್ಮ ಮನೆಯಲ್ಲಿ ಒಂದು ಪಿಸ್ತೂಲಿತ್ತು ಎಂದರೆ ನನ್ನ ಗೆಳತಿಯರು ಈಗಲೂ ನಂಬುವುದಿಲ್ಲ.

ತಾತನ ಕಾಲದ ಪುಟ್ಟ ರಿವಾಲ್ವರ್ ಅದು. ತಾತನ ನಂತರ ಲೈಸೆನ್ಸು ಅಪ್ಪನ ಹೆಸರಿಗೆ ಬಂತು. ಅದು ಯಾರನ್ನಾದರೂ ಹೆದರಿಸಿದ್ದನ್ನು ನಾನು ಕಾಣೆ. ಆಯುಧಪೂಜೆಯ ದಿನ ಕುಡುಗೋಲು, ಈಳಿಗೆಮಣೆಗಳ ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂರುತ್ತಿತ್ತು. ಚುನಾವಣೆ ಬಂದರೆ ಠಾಣೆಗೆ ಹೋಗುತ್ತಿತ್ತು, ಬದಲಿಗೆ ಒಂದು ರಸೀತಿ ಮನೆಗೆ ಬರುತ್ತಿತ್ತು. ಚುನಾವಣೆ ಬಂತೆಂದರೆ ಅಮ್ಮನ ಮುಖ ಅರಳುವುದೇಕೆಂದು ಆಗ ನನಗೆ ತಿಳಿಯುತ್ತಿರಲಿಲ್ಲ.

2003ರಲ್ಲಿ ಅಪ್ಪ ಅದನ್ನು ಬೆಂಗಳೂರಿನ ಒಂದು ಬಂದೂಕಿನ ಅಂಗಡಿಗೆ ಒಯ್ದರು. ಜೊತೆಗೆ ನಾನೂ ಹೋಗಿದ್ದೆ. ಅಂಗಡಿಯ ಹಿರಿಯರು ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ, "ಒಳಗೆಲ್ಲ ತಿಂದುಹೋಗಿದೆ" ಎಂದರು. ನಳಿಗೆಯ ಒಳಮೈಯಲ್ಲಿ ತಿರುಪಿನ ಹಾಗೆ ಗೀರುಗಳಿರುತ್ತವಂತೆ. ಗುಂಡು ಅದರಲ್ಲಿ ಸುತ್ತುತ್ತಾ ಬಂದರೇ ನೇರ ಹೋಗುವುದು. ಚಕ್ಕುಲಿ ಒರಳಿನ ಬಿಲ್ಲೆಯ ಹಲ್ಲು ಸವೆದರೆ ಚಕ್ಕುಲಿಗೆ ಮುಳ್ಳು ಏಳುತ್ತದೆಯೇ? ಹಾಗೆಯೇ ಎಂದುಕೊಂಡೆ. ಇದರ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಬುಡದ ಅಂಚಿನ ಸುತ್ತ ಇರುತ್ತದೆ, ಗುಂಡು ಬರೀ ಸೀಸದ್ದು. ಅಷ್ಟು ಮೆತ್ತನೆಯ ಸೀಸ ಕಬ್ಬಿಣವನ್ನು ಸವೆಸುವುದು ಕಡಿಮೆ. ಹಳೇ ಕಾಲದ ಮದ್ದು ಸುಟ್ಟ ಮೇಲೆ ಉಳಿಯುವ ಉಪ್ಪು ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಉಪ್ಪಿನಕಾಯಿಯಲ್ಲಿ ಮರೆತ ಕಬ್ಬಿಣದ ಚಮಚ ನೆನಪಾಯಿತು. ತಾತ ಹಾರಿಸಿದರೇ ಹೊರತು ಒರೆಸಲಿಲ್ಲ ಎಂದಾಯಿತು. ಗಂಡಸರ ಹಣೆಬರಹ!

ಇದಕ್ಕೂ ಉಪಾಯವುಂಟಂತೆ. ಹಳೆಯ ನಳಿಗೆಯನ್ನು ಒಳಗಿನಿಂದ ಕೊರೆದು ತುಸು ಅಗಲ ಮಾಡಿ, ಹೊಸ ಗೀರುಗಳಿರುವ ತೆಳ್ಳನೆಯ ಉಕ್ಕಿನ ಕೊಳವೆಯೊಂದನ್ನು ತೂರಿಸಿ, ಬೆಸುಗೆಯಿಂದಲೋ ಅಂಟಿನಿಂದಲೋ ಕೂರಿಸುವುದು. ಹೊರಗೆ ತಾತನ ಪಿಸ್ತೂಲೇ, ಒಳಗೆ ಹೊಸದು. ಆದರೆ ಕೊಳವೆ ಹೊರದೇಶದಿಂದ ಬರಬೇಕು. 1959ರ ಆಯುಧ ಕಾಯ್ದೆಯಂತೆ ರಿಪೇರಿ ಮಾಡುವವನಿಗೂ ಪರವಾನಗಿ ಇರಬೇಕು. ಖರ್ಚೂ ಬಹಳ.

"ಖರ್ಚು ನಾನು ಕೊಡ್ತೀನಪ್ಪಾ" ಎಂದುಬಿಟ್ಟೆ. ಆಗಷ್ಟೇ ಕೈಗೆ ಸಂಬಳ ಬರತೊಡಗಿದ ಹುಡುಗಿಯ ಜಂಬ.

ಊರಿಗೆ ಬಂದು ಅಪ್ಪ ಉತ್ಸಾಹದಿಂದ ಎಲ್ಲ ವಿವರಿಸಿದರು. "ಪಾತ್ರೆಗೆ ಕಲಾಯಿ ಹಾಕಿಸ್ತೀಯಲ್ಲ, ಹಂಗೇನೆ" ಎಂದರು. ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಪಾತ್ರೆಗೆ ಹಾಕಿಸಿದ್ರೆ ಹುಳಿ ಕಾಯಿಸ್ತೀನಿ. ಇದಕ್ಕೆ ಹಾಕಿಸಿ ನೀವೇನ್ ಮಾಡ್ತೀರಾ?" ಎಂದಳು. ಅಪ್ಪ ಅಂಗಳಕ್ಕೆ ಹೋದರು.

ನನಗೆ ಸಿಟ್ಟು ಬಂತು. ಅಪ್ಪನ ಒಂದು ಆಸೆಗೆ ಅಡ್ಡ ಬರುತ್ತಾಳಲ್ಲ ಎಂದು ಅಡಿಗೆಮನೆಯಲ್ಲಿ ಜಗಳಕ್ಕೇ ನಿಂತೆ. ಅಮ್ಮ ಬಾಗಿಲು ಮುಂದೆ ಮಾಡಿ ಹೇಳಿದಳು. ಹಿಂದಿನ ವರ್ಷ, 2002ರಲ್ಲಿ, ಮಳೆ ಕೈಕೊಟ್ಟು ಶೇಂಗಾ ಒಣಗಿತ್ತು. ಬಿತ್ತನೆಬೀಜದ ಸಾಲವೂ ತೀರಿರಲಿಲ್ಲ. ಒಂದು ರಾತ್ರಿ ಎಚ್ಚರವಾಗಿ ನೋಡಿದರೆ ಅಪ್ಪ ನಡುಮನೆಯಲ್ಲಿ ದೀಪವಿಲ್ಲದೆ ಕುಳಿತಿದ್ದರಂತೆ, ತೊಡೆಯ ಮೇಲೆ ಅದು. ಅಮ್ಮ ಏನೂ ಕೇಳಲಿಲ್ಲ. ಪಕ್ಕದಲ್ಲಿ ಹೋಗಿ ಕುಳಿತಳು. ಕೋಳಿ ಕೂಗುವವರೆಗೆ ಇಬ್ಬರೂ ಹಾಗೆಯೇ ಇದ್ದರು. ಬೆಳಿಗ್ಗೆ ತೋಟಾಗಳ ಡಬ್ಬಿ ಪೆಟ್ಟಿಗೆಯಲ್ಲಿರಲಿಲ್ಲ. ಅಪ್ಪ ಅದನ್ನು ಹುಡುಕಲಿಲ್ಲ, ಕೇಳಲೂ ಇಲ್ಲ.

"ಅದು ಹಂಗೇ ಹಾಳಾಗಿರ್ಲಿ ಬಿಡೆ" ಎಂದಳು ಅಮ್ಮ.

ಬೆಂಗಳೂರಿನಲ್ಲಿ ಎಷ್ಟು ಧಾರಾಳವಾಗಿ ಪರ್ಸಿಗೆ ಕೈಹಾಕಿದ್ದೆನೆಂದು ನೆನೆದು ನನ್ನ ಕಾಲು ನಡುಗಿತು. ಅಪ್ಪನಿಗೆ, ಈಗ ದುಡ್ಡಿಲ್ಲ ಎಂದು ಸುಳ್ಳು ಹೇಳಿದೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ಮುಂದೆ ಒಳ್ಳೆಯ ಮಳೆಯ ವರ್ಷಗಳೂ ಬಂದವು, ಸಾಲ ತೀರಿತು, ನನ್ನ ಮದುವೆಯಾಯಿತು. ಅಪ್ಪ ಮೊಮ್ಮಗಳನ್ನು ಆಡಿಸಿ, 2011ರಲ್ಲಿ ಹೃದಯದ ಕಾಯಿಲೆಯಿಂದ ಹೋದರು.

ಲೈಸೆನ್ಸುದಾರರು ಹೋದ ಮೇಲೆ ಆಯುಧವನ್ನು ತಡಮಾಡದೆ ಠಾಣೆಗೋ ಲೈಸೆನ್ಸಿರುವ ಅಂಗಡಿಗೋ ಒಪ್ಪಿಸಬೇಕು. ವಾರಸುದಾರರು ಬೇಕಿದ್ದರೆ ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ತಮ್ಮನಿಗೆ ಆಸೆಯಿತ್ತು, ಅಮ್ಮ ಬಿಡಲಿಲ್ಲ. ಹೊರಡುವ ದಿನ ಅಟ್ಟದ ಮೂಲೆಯಿಂದ ಹಳೆಯ ಹಿತ್ತಾಳೆ ತಪ್ಪಲೆಯೊಂದನ್ನು ಇಳಿಸಿ, ಬಟ್ಟೆ ಬಿಚ್ಚಿ ತೋಟಾ ಎಣಿಸಿದಳು. ಇಪ್ಪತ್ತಮೂರು. ಠಾಣೆಯಲ್ಲಿ ಅವನ್ನೂ ಬರೆಸಿ ರಸೀತಿ ಪಡೆದಳು.

ಆ ತಪ್ಪಲೆ ನನಗೆ ಗೊತ್ತಿತ್ತು. ಕಲಾಯಿ ಸಾಬರು ಬಂದು ಬೇವಿನ ಮರದಡಿ ತಿದಿ ಹೂಡಿದಾಗಲೆಲ್ಲ ಬೇರೆ ಪಾತ್ರೆಗಳು ಹೋಗುತ್ತಿದ್ದವು, ಅದೊಂದು ಮಾತ್ರ ಇಳಿಯುತ್ತಿರಲಿಲ್ಲ. ಮುಂದಿನ ಸಲ ಅವರು ಬಂದಾಗ ಅಮ್ಮ ಅದನ್ನು ಕೊಟ್ಟಳು. ಅವರು ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ, ಅರಿವೆಯಿಂದ ಒಂದು ಸುತ್ತು ಒರೆಸಿದರು. ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯಿತು.

"ಪೂರಾ ಕಿಲುಬು ಹಿಡಿದಿತ್ತಲ್ಲಮ್ಮಾ, ಇಷ್ಟು ವರ್ಷ ಯಾಕೆ ಕೊಡ್ಲಿಲ್ಲ?" ಎಂದರು.

"ಕೆಲಸದಲ್ಲಿತ್ತಪ್ಪಾ" ಎಂದಳು ಅಮ್ಮ.