ಅವ್ವ ಕಾಯುವ ರಾಜ್ಯ

ನಮ್ಮವ್ವ ಶಹಾಬಾದಿನ ಪರ್ಸಿ ಖಣಿಯಲ್ಲಿ ಇಪ್ಪತ್ತು ವರ್ಷ ಕಲ್ಲು ಹೊತ್ತಳು. ಒಳ್ಳೆಯ ಕಲ್ಲು ಲಾರಿ ಹತ್ತಿ ಕಂಡವರ ಮನೆಯ ನೆಲವಾಗುತ್ತಿತ್ತು. ಒಡೆದ ಚೂರು ನಮ್ಮ ಮನೆಯ ಗೋಡೆಯಾಯಿತು. ಆ ಗೋಡೆಗೆ ಒರಗಿ ರಾತ್ರಿ ಅವ್ವ ಪ್ರಾರ್ಥನೆ ಮಾಡುತ್ತಿದ್ದಳು, ದೇವರ ರಾಜ್ಯ ಈ ಭೂಮಿಯ ಮೇಲೆ ಬರಲಿ ಎಂದು.

"ಯಾವಾಗ ಬರ್ತದವ್ವಾ?"

"ಬರ್ತದ, ಮಕ್ಕೊ."

ಕಾಲೇಜಿಗೆ ಹೋದ ಮೇಲೆ ಈ 'ಬರ್ತದ' ಎಂಬ ಮಾತಿಗೆ ನನಗೆ ಸಿಟ್ಟು ಬರತೊಡಗಿತು. ನಮ್ಮ ಸೀಮೆ ರಾಜ್ಯಗಳನ್ನು ಕಡಿಮೆ ಕಂಡಿಲ್ಲ. ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ ಅಶೋಕನನ್ನು ಹೆಸರು ಸಮೇತ ಕಲ್ಲಿನಲ್ಲಿ ಕೆತ್ತಿದ್ದಾರೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 1948ರವರೆಗೆ ನಿಜಾಮ ಆಳಿದ. ಆಮೇಲೆ ಸಿಮೆಂಟಿನ ಚಿಮಣಿಗಳು ಎದ್ದವು. ಎಲ್ಲ ರಾಜ್ಯಗಳಿಗೂ ಕಲ್ಲು ಹೊತ್ತವರು ಯಾರು? ಚಿಂಚೋಳಿಯ ತಾಂಡಾದ ಮಂದಿ, ನಮ್ಮ ಕೇರಿಯ ಮಂದಿ ಇಂದಿಗೂ ವಾಡಿ ಜಂಕ್ಷನ್ನಿನಲ್ಲಿ ಗಂಟು ಹಿಡಿದು ಮುಂಬೈ ರೈಲಿಗೆ ಕಾಯುತ್ತಾರೆ. ಇನ್ನೊಂದು ರಾಜ್ಯಕ್ಕೂ ಕಾಯಬೇಕೆ?

ಸ್ಕಾಲರ್‌ಶಿಪ್ಪಿಗೆಂದು ಜಾತಿ ಸರ್ಟಿಫಿಕೇಟು ಕೇಳಲು ಕಚೇರಿಗೆ ಹೋದೆ. "ಯೇಸು ಮಂದಿ ಏನು? ಹಂಗಾದ್ರ ಎಸ್ಸಿ ಅಲ್ಲ" ಎಂದು ಅರ್ಜಿ ತಿರುಗಿಸಿದರು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹಿಂದೂಗಳಿಗಷ್ಟೇ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ದಲಿತ ಕ್ರೈಸ್ತರಿಗೆ, ದಲಿತ ಮುಸ್ಲಿಮರಿಗೆ ತೆರೆಯಲಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ತೆರೆಯಿರಿ ಎಂದಿತು. 2022ರಲ್ಲಿ ಕೇಂದ್ರ ಸರ್ಕಾರ ಮತ್ತೊಂದು ಆಯೋಗ ನೇಮಿಸಿತು.

ಕಾಗದದಲ್ಲಿ ನಮ್ಮ ಜಾತಿ ಹೋಯಿತು. ಊರಿಗೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ. ಚಾದಂಗಡಿಯಲ್ಲಿ ನಮ್ಮ ಕಪ್ಪು ಬೇರೆಯೇ ಇತ್ತು. ಚರ್ಚಿನೊಳಗೂ ಹೊಲೆಯ, ಮಾದಿಗ ಎಂಬ ಗೆರೆ ಪೂರ್ತಿ ಅಳಿಸಿಲ್ಲ. ಹೆಣ್ಣು ಕೇಳುವಾಗ ಅದು ಎದ್ದು ಕಾಣುತ್ತದೆ.

ಅಂದು ಮನೆಗೆ ಬಂದು ಅವ್ವನ ಮೇಲೆ ರೇಗಿದೆ. "ನಿನ್ನ ದೇವರ ರಾಜ್ಯದಾಗೂ ಸರ್ಟಿಫಿಕೇಟ್ ಕೇಳ್ತಾರೇನು?"

ಅವ್ವ ರೊಟ್ಟಿ ಬಡಿಯುತ್ತಲೇ ಯೇಸು ಹೇಳಿದ ದ್ರಾಕ್ಷಿತೋಟದ ಕತೆ ಹೇಳಿದಳು. ಹೊತ್ತು ಮುಂಚೆ ಬಂದವರಿಗೂ, ಹೊತ್ತು ಮುಳುಗುವ ಮುನ್ನ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಟ್ಟ. "ಕಡೀಗಿ ಬಂದವನ ಹೊಟ್ಟಿನೂ ಅಷ್ಟೇ ಹಸಿದಿರ್ತದಲ್ಲಪಾ" ಎಂದಳು.

ಆ ಕತೆಯನ್ನು ಅವಳು ಖಣಿಯಲ್ಲೂ ಹೇಳಿದ್ದಳೆಂದು ನೆರೆಮನೆಯ ಚಿಗವ್ವನಿಂದ ನನಗೆ ತಿಳಿದದ್ದು ಬಹಳ ತಡವಾಗಿ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ಆ ಖಣಿಗೆ ಇಳಿದಿರಲಿಲ್ಲ. ಒಂದು ದಿನ ಅವ್ವ, ಜೊತೆಗೆ ಹನ್ನೊಂದು ಮಂದಿ ಹೆಂಗಸರು, ಕಲ್ಲು ಇಳಿಸಿ ಕೂತುಬಿಟ್ಟರು. "ಆ ಯಜಮಾನ ಕೊಟ್ಟ. ನೀವ್ಯಾಕ ಕೊಡಂಗಿಲ್ರಿ ಧಣಿ?" ಮೂರು ದಿನ ಕೂತರು. ಸರಿಸಮ ಸಿಗಲಿಲ್ಲ. ಅರ್ಧದಷ್ಟು ಸಿಕ್ಕಿತು.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಮಾತೆತ್ತಿದರು. ದಲಿತ ದೇವತಾಶಾಸ್ತ್ರ ಅಲ್ಲಿಂದ ಬೆಳೆಯಿತು. ನಾನು ಅದನ್ನು ಪುಸ್ತಕದಲ್ಲಿ ಓದಿದೆ. ಅಕ್ಷರ ಬಾರದ ಅವ್ವ ಖಣಿಯಲ್ಲಿ ಕೂತು ಮಾಡಿದ್ದಳು.

ಗೆಳೆಯರೆ, ಸತ್ತ ಮೇಲೆ ಸ್ವರ್ಗ ಎಂದು ಹೇಳಿ ಇದ್ದಾಗ ಬಾಯಿ ಮುಚ್ಚಿಸುವ ಧರ್ಮದ ಮೇಲೆ ನನ್ನ ಸಿಟ್ಟು ಹಾಗೇ ಇದೆ. ದೇವರ ಜೊತೆ ನನ್ನ ಜಗಳವೂ ಮುಗಿದಿಲ್ಲ. ಆದರೆ ಬೇರೆ ರಾಜ್ಯ ಬರಲಿ ಎಂದು ದಿನಾ ಕೇಳುವವಳು, ಈಗಿರುವ ರಾಜ್ಯ ತನಗೆ ಒಪ್ಪಿಗೆಯಿಲ್ಲ ಎಂದೂ ದಿನಾ ಹೇಳುತ್ತಿದ್ದಾಳೆ. ಇದು ನನಗೆ ತಿಳಿಯಲು ಒಂದು ಡಿಗ್ರಿ ಬೇಕಾಯಿತು.

ಈಗ ತಂಗಿಯ ಅರ್ಜಿಯನ್ನೂ ತಿರುಗಿಸಿದ್ದಾರೆ. ನಾಳೆ ಕೇರಿಯ ಹುಡುಗರೆಲ್ಲ ಸೇರಿ ಕಚೇರಿಗೆ ಹೋಗುತ್ತೇವೆ. ಅವ್ವನಿಗೆ ಹೇಳಿದೆ.

"ಎಷ್ಟು ಮಂದಿ?" ಎಂದಳು. ಹಿಟ್ಟಿನ ಡಬ್ಬಿ ತೆಗೆದಳು.