ಖಳನ ಪ್ರಾಣ ಎಲ್ಲಿದೆ?

ಯಕ್ಷಗಾನದ ಪ್ರಸಂಗಗಳಿಗೆ ಹೆಸರಿಟ್ಟವರು ಗುಟ್ಟು ಕಾಯುವ ಗೋಜಿಗೇ ಹೋಗಲಿಲ್ಲ. ಕೀಚಕ ವಧೆ, ಜರಾಸಂಧ ವಧೆ ಎಂದು ಸಾಯುವವನ ಹೆಸರನ್ನು ಮೊದಲೇ ಸಾರಿಬಿಟ್ಟರು. ಆದರೂ ಜನ ರಾತ್ರಿಯಿಡೀ ಕದಲದೆ ಕೂತರು. ಯಾರು ಸಾಯುತ್ತಾನೆ ಎಂಬುದು ತಿಳಿದ ಮೇಲೆ ಉಳಿಯುವುದೇ ನಿಜವಾದ ರುಚಿ: ಹೇಗೆ ಸಾಯುತ್ತಾನೆ? ಆ ರುಚಿ ಹತ್ತಿದವರ ಪೈಕಿ ನಾನೂ ಒಬ್ಬ. ಕಥೆ ಇನ್ನೂ ಮುಗಿದಿಲ್ಲ, ಖಳ ಇನ್ನೂ ಅಟ್ಟಹಾಸ ಮಾಡುತ್ತಿದ್ದಾನೆ. ಅಷ್ಟರಲ್ಲೇ ಕಾಲು ಚಾಚಿ ಕೂತು ಅವನ ಮರಣದ ದಾರಿ ಹುಡುಕುವುದಿದೆಯಲ್ಲ, ಅದಕ್ಕಿಂತ ಖರ್ಚಿಲ್ಲದ ಸುಖ ನನಗೆ ಗೊತ್ತಿಲ್ಲ.

ಈ ಹವ್ಯಾಸಕ್ಕೆ ಒಂದು ಸುಗ್ಗಿ ಬಂದಿತ್ತು. ಹ್ಯಾರಿ ಪಾಟರ್ ಸರಣಿಯ ಆರನೆಯ ಪುಸ್ತಕ ಬಂದದ್ದು 2005ರ ಜುಲೈ 16ಕ್ಕೆ, ಏಳನೆಯದೂ ಕೊನೆಯದೂ ಆದ ಪುಸ್ತಕ 2007ರ ಜುಲೈ 21ಕ್ಕೆ. ನಡುವಿನ ಎರಡು ವರ್ಷ ಲೋಕದ ತುಂಬ ಓದುಗರಿಗೆ ಒಂದೇ ಚಿಂತೆ: ಖಳ ವೋಲ್ಡೆಮಾರ್ಟ್ ಸಾಯುವುದು ಹೇಗೆ? ಆರನೆಯ ಪುಸ್ತಕ ಅವನ ಸಾವಿನ ಲೆಕ್ಕವನ್ನು ಅರ್ಧ ಬಿಡಿಸಿ ಕೈಗಿಟ್ಟಿತ್ತು. ಅವನು ತನ್ನ ಆತ್ಮವನ್ನು ಏಳು ಚೂರು ಮಾಡಲು ಹೊರಟವನು. ಒಂದನ್ನು ಮೈಯಲ್ಲಿಟ್ಟುಕೊಂಡು ಉಳಿದವನ್ನು ಡೈರಿ, ಉಂಗುರ, ಪದಕ, ಬಟ್ಟಲು ಮುಂತಾದವುಗಳಲ್ಲಿ ಬಚ್ಚಿಟ್ಟಿದ್ದಾನೆ. ಆ ಹಾರ್‌ಕ್ರಕ್ಸ್‌ಗಳೆಲ್ಲ ನಾಶವಾಗುವವರೆಗೆ ಅವನಿಗೆ ಸಾವಿಲ್ಲ. ಇದನ್ನು ಓದಿದ ಯಾವ ಕನ್ನಡದ ಅಜ್ಜಿಯೂ ಹುಬ್ಬೇರಿಸುವುದಿಲ್ಲ. ಏಳು ಸಮುದ್ರದಾಚೆ, ಮರದ ಪೊಟರೆಯಲ್ಲಿ, ಪಂಜರದ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇರುತ್ತದೆಂದು ಹೇಳಿಯೇ ಅವಳು ನಮ್ಮನ್ನು ಮಲಗಿಸಿದ್ದಳು. ಲೇಖಕಿ ರೌಲಿಂಗ್ ಒಂದು ಗಿಳಿಯ ಬದಲು ಆರು ಇಟ್ಟಿದ್ದರು, ಅಷ್ಟೆ.

ನನ್ನ ಜೊತೆಗಾತಿ ಅಕ್ಕನ ಮಗಳು. ಆಗ ಹೈಸ್ಕೂಲು. ಅವಳ ಪುಸ್ತಕಗಳ ಅಂಚಿನ ತುಂಬ ಪೆನ್ಸಿಲ್ ಗೀಟು. "ಮಾಮ, ಊಹೆ ಬೇಡ, ಪುಟ ತೋರಿಸು" ಎಂಬುದು ಅವಳ ಕಾನೂನು. ಆಟದ ಜೀವವೇ ಅದು. ಸಿಡಿಲು ಬಡಿದು ಸಾಯುತ್ತಾನೆ ಎಂದರೆ ಅದು ಊಹೆಯಲ್ಲ, ಶಾಪ. ಲೇಖಕಿ ಮೊದಲೇ ಇಟ್ಟ ವಸ್ತುವಿನಿಂದ, ಅವರೇ ಮಾಡಿದ ನಿಯಮದಂತೆ, ಖಳನ ಸ್ವಭಾವಕ್ಕೆ ತಕ್ಕಂತೆ ಸಾವು ಬರಬೇಕು. ಈ ಮೂರೂ ಕೂಡಿಬಂದರೆ ಊಹೆ ಸುಳ್ಳಾದರೂ ಸೊಗಸು.

ಸುಳ್ಳಾದ ಸೊಗಸುಗಳು ಎಷ್ಟೊಂದು! ಐದನೆಯ ಪುಸ್ತಕದಲ್ಲಿ ಮಾಂತ್ರಿಕರ ಸಚಿವಾಲಯದ ನೆಲಮಾಳಿಗೆಯಲ್ಲೊಂದು ಕಲ್ಲಿನ ಕಮಾನು, ಅದಕ್ಕೊಂದು ಹರಕು ಪರದೆ. ಹ್ಯಾರಿಯ ಧರ್ಮಪಿತ ಸಿರಿಯಸ್ ಅದರಾಚೆ ಬಿದ್ದು ಇಲ್ಲವಾಗುತ್ತಾನೆ. ವೋಲ್ಡೆಮಾರ್ಟನನ್ನೂ ಅದರೊಳಗೇ ನೂಕುತ್ತಾರೆ ಎಂದು ಪ್ರಮಾಣ ಮಾಡಿದವರಿದ್ದರು. ಮೊದಲ ಪುಸ್ತಕದ ಚದುರಂಗದಲ್ಲಿ ಕುದುರೆಯ ಜಾಗದಲ್ಲಿ ನಿಂತ ಗೆಳೆಯ ರಾನ್ ತನ್ನನ್ನೇ ಬಲಿಕೊಟ್ಟು ಹ್ಯಾರಿಗೆ ದಾರಿ ಮಾಡುತ್ತಾನೆ. ಆ ಒಂದು ಆಟದಲ್ಲೇ ಏಳೂ ಪುಸ್ತಕಗಳ ನಕ್ಷೆ ಇದೆ ಎಂದರು ಕೆಲವರು. ಇನ್ನೂ ಮುಂದೆ ಹೋದವರು, ಕಾಲದಲ್ಲಿ ಹಿಂದಕ್ಕೆ ಹೋದ ರಾನನೇ ಶಾಲೆಯ ಮುದಿ ಮುಖ್ಯಸ್ಥ ಡಂಬಲ್‌ಡೋರ್ ಎಂದರು. ಕೆಂಪು ಕೂದಲು, ಉದ್ದ ಮೂಗು, ಸಿಹಿ ತಿಂಡಿಯ ಚಪಲ ಎಂದು ಸಾಕ್ಷಿಗಳ ಪಟ್ಟಿಯನ್ನೂ ಕೊಟ್ಟರು. ಅಂಥ ಶ್ರದ್ಧೆಗೆ ಕೈಮುಗಿಯಬೇಕು.

ಡಂಬಲ್‌ಡೋರ್ ಸತ್ತೇ ಇಲ್ಲ ಎನ್ನುವ ಪಂಥವೇ ಒಂದಿತ್ತು. ಆರನೆಯ ಪುಸ್ತಕದಲ್ಲಿ ಅವರನ್ನು ಕೊಂದ ಶಿಕ್ಷಕ ಸ್ನೇಪ್ ಒಳ್ಳೆಯವನಾದರೆ ಆ ಕೊಲೆ ನಾಟಕ; ನಾಟಕವಾದರೆ ಮುದುಕ ಬದುಕಿದ್ದಾನೆ; ಬದುಕಿದ್ದರೆ ಕೊನೆಯ ಏಟು ಅವನದೇ. 2006ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ರೌಲಿಂಗ್ ಓದಲು ಬಂದಾಗ, ಮಗನ ಜೊತೆ ನಿಂತು ಈ ವಾದವನ್ನೇ ಮುಂದಿಟ್ಟವರು ಬೇರೆ ಯಾರೂ ಅಲ್ಲ, ಸಲ್ಮಾನ್ ರಶ್ದಿ. ಡಂಬಲ್‌ಡೋರ್ ಖಂಡಿತ ಸತ್ತಿದ್ದಾರೆ ಎಂದು ರೌಲಿಂಗ್ ಅಲ್ಲೇ ಹೇಳಿಬಿಟ್ಟರು. ನಮ್ಮ ಮನೆಯಲ್ಲಿ ಸೂತಕ. ನನಗೆ ಮಾತ್ರ ಒಳಗೊಳಗೇ ಖುಷಿ: ಅಷ್ಟು ದೊಡ್ಡ ಕಾದಂಬರಿಕಾರನೂ ನಮ್ಮ ಹಾಗೆಯೇ ಪುಟ ತಿರುವಿ ತಲೆ ಕೆರೆದುಕೊಂಡಿದ್ದಾನಲ್ಲ!

ಗುರಿ ಮುಟ್ಟಿದ ಊಹೆಗಳ ಸುಖವೇ ಬೇರೆ. ಆರನೆಯ ಪುಸ್ತಕದ ಕೊನೆಗೆ, ಕಳುವಾದ ಪದಕದ ಜಾಗದಲ್ಲಿ ಆರ್.ಎ.ಬಿ. ಎಂಬ ಮೂರಕ್ಷರದ ಸಹಿಯಿದ್ದ ಚೀಟಿ ಸಿಕ್ಕಿತ್ತು. ಹಿಂದಿನ ಪುಸ್ತಕ ಹಿಡಿದು ಕೂತವರಿಗೆ ಸಿರಿಯಸ್ ಮನೆಯ ಕಸ ಗುಡಿಸುವ ದೃಶ್ಯ ಕಣ್ಣಿಗೆ ಬಿತ್ತು. ಯಾರಿಗೂ ತೆರೆಯಲಾಗದ ಭಾರವಾದ ಪದಕವೊಂದು ಅಲ್ಲಿ ಅರ್ಧ ವಾಕ್ಯದಲ್ಲಿ ಬಂದು ಹೋಗಿದೆ. ಸಿರಿಯಸ್‌ನ ತಮ್ಮ, ಖಳನ ಬಳಗ ಸೇರಿ ಹಿಂಜರಿದು ಸತ್ತುಹೋದ ರೆಗ್ಯುಲಸ್ ಬ್ಲ್ಯಾಕ್‌ನ ಹೆಸರೂ ಅದೇ ಪುಸ್ತಕದಲ್ಲಿದೆ. 2003ರಲ್ಲಿ ಬಿತ್ತಿದ್ದು 2007ರಲ್ಲಿ ಮೊಳೆಯಿತು. ಹಾಗೆಯೇ ಹ್ಯಾರಿಗೆ ಹಾವಿನ ಭಾಷೆ ಬರುವುದೇಕೆ, ಹಣೆಯ ಗಾಯ ಉರಿಯುವುದೇಕೆ ಎಂದು ಜೋಡಿಸುತ್ತಾ ಹೋದವರು, ಖಳನ ಆತ್ಮದ ಒಂದು ಚೂರು ಅವನಿಗೇ ಗೊತ್ತಿಲ್ಲದೆ ಹುಡುಗನೊಳಗೇ ಇದೆ ಎಂಬಲ್ಲಿಗೆ ಬಂದು ನಿಂತರು.

"ಹಾಗಾದರೆ ಹ್ಯಾರಿ ಸಾಯಬೇಕಲ್ಲೇ" ಎಂದೆ.

"ಸಾಯಬೇಕು ಮಾಮ. ಆದರೆ ನಾಲ್ಕನೇ ಪುಸ್ತಕ ನೋಡು. ಹ್ಯಾರಿಯ ರಕ್ತದಿಂದ ಅವನು ಮೈ ಪಡೆದ ಅಂತ ಕೇಳಿದಾಗ ಡಂಬಲ್‌ಡೋರ್ ಕಣ್ಣು ಒಂದು ಕ್ಷಣ ಹೊಳೀತು. ಯಾಕೆ?"

ಆ ಹೊಳಪಿಗೆ ಉತ್ತರ ಏಳನೆಯ ಪುಸ್ತಕದಲ್ಲಿ ಸಿಕ್ಕಿತು. ಹ್ಯಾರಿಯ ತಾಯಿಯ ಬಲಿದಾನದ ರಕ್ಷೆ ಹರಿಯುತ್ತಿದ್ದ ರಕ್ತವನ್ನೇ ಖಳ ತನ್ನ ಮೈಗೆ ತುಂಬಿಕೊಂಡಿದ್ದ. ಅವನು ಇರುವ ತನಕ ಹುಡುಗನನ್ನು ಬದುಕಿಗೆ ಕಟ್ಟಿಹಾಕುವ ಹಗ್ಗವೂ ಅದೇ ಆಯಿತು.

ಕೊನೆಯ ಕಾಳಗದ ಗುಟ್ಟನ್ನು ಮಾತ್ರ ಪೂರ್ತಿ ಬಿಡಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಖಳನ ಕೈಯಲ್ಲಿದ್ದ ಮಹಾ ಮಂತ್ರದಂಡ ಒಡೆಯನನ್ನು ಸೋಲಿಸಿದವನಿಗೆ ಒಲಿಯುವಂಥದು. ಆರನೆಯ ಪುಸ್ತಕದ ಗೋಪುರದಲ್ಲಿ ಡಂಬಲ್‌ಡೋರರ ಕೈಯಿಂದ ಅದನ್ನು ಹಾರಿಸಿದವನು ಹ್ಯಾರಿಯ ಸಹಪಾಠಿ ಡ್ರೇಕೋ. ಮುಂದೆ ಡ್ರೇಕೋನನ್ನು ಮಣಿಸಿದವನು ಹ್ಯಾರಿ. ಕೆಲಸ ಎಲ್ಲರ ಕಣ್ಣೆದುರೇ ನಡೆದಿತ್ತು, ಕಾನೂನು ಮಾತ್ರ ಆಮೇಲೆ ಹೊರಬಿತ್ತು. ಇದು ಮೋಸ ಎಂದು ಅಕ್ಕನ ಮಗಳು ಈಗಲೂ ವಾದಿಸುತ್ತಾಳೆ. ನಾನು ಲೇಖಕಿಯ ಪರ. ಹ್ಯಾರಿ ಬಳಸಿದ್ದು ಎದುರಾಳಿಯ ದಂಡ ಕಸಿಯುವ ಸಾದಾ ಮಂತ್ರ. ಖಳ ಸತ್ತದ್ದು ತಾನೇ ಎಸೆದ ಸಾವಿನ ಮಂತ್ರ ತಿರುಗಿ ಬಿದ್ದು. ಭಸ್ಮಾಸುರನ ಕೈ ಭಸ್ಮಾಸುರನ ತಲೆಗೇ ಬರಬೇಕು, ಇನ್ನೊಬ್ಬರ ತಲೆಗೆ ಬಂದರೆ ಅದೆಂಥ ಕಥೆ?

ಇಷ್ಟು ಕಾಲ ಖಳರ ಮರಣಪತ್ರಿಕೆ ಬರೆದ ಅನುಭವದಿಂದ ಒಂದು ಸೂತ್ರ ನನಗೆ ದಕ್ಕಿದೆ. ನಾಯಕನ ಬಲ ಎಷ್ಟೆಂದು ಅಳೆಯುತ್ತಾ ಕೂತರೆ ಏನೂ ಸಿಗುವುದಿಲ್ಲ. ಖಳ ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಹುಡುಕಬೇಕು. ರಾವಣ ದೇವತೆಗಳಿಂದ, ಗಂಧರ್ವರಿಂದ, ನಾಗರಿಂದ ಸಾವು ಬೇಡವೆಂದು ವರ ಬೇಡಿದ; ಮನುಷ್ಯರನ್ನು ಹೆಸರಿಸುವುದೇ ತನಗೆ ಕಡಿಮೆ ಎಂದುಕೊಂಡ. ವೋಲ್ಡೆಮಾರ್ಟ್ ಪದಕವಿಟ್ಟ ಗುಹೆಗೆ ಎಲ್ಲ ಬಗೆಯ ಕಾವಲು ಹಾಕಿದ. ಕ್ರೀಚರ್ ಎಂಬ ಮನೆಯಾಳನ್ನು ಪರೀಕ್ಷೆಗೆ ಬಳಸಿ ಸಾಯಲು ಬಿಟ್ಟು ಹೋದ. ಆಳುಗಳ ಮಾಂತ್ರಿಕತೆಗೆ ಒಡೆಯರ ಕಟ್ಟುಪಾಡು ಅನ್ವಯಿಸುವುದಿಲ್ಲ ಎಂಬುದು ಅವನ ತಲೆಗೇ ಬರಲಿಲ್ಲ. ಆ ಆಳು ಮನೆಗೆ ಮರಳಿ ತನ್ನ ಯಜಮಾನ ರೆಗ್ಯುಲಸ್‌ಗೆ ಎಲ್ಲ ಹೇಳಿದ, ಪದಕ ಗುಹೆಯಿಂದ ಹೊರಬಂತು. ತಾಯಿಯ ಪ್ರೀತಿಯನ್ನು ಖಳ ಲೆಕ್ಕಕ್ಕಿಡಲಿಲ್ಲ. ತರಗತಿಯಲ್ಲಿ ಎಲ್ಲರ ನಗೆಗೆ ಗುರಿಯಾಗುತ್ತಿದ್ದ ನೆವಿಲ್‌ನನ್ನೂ ಇಡಲಿಲ್ಲ. ಕೊನೆಯ ಹಾರ್‌ಕ್ರಕ್ಸ್ ಆಗಿದ್ದ ಹಾವಿನ ತಲೆ ಹಾರಿಸಿದ್ದು ಅವನ ಕತ್ತಿ.

ಈ ಹವ್ಯಾಸವನ್ನು ಮಕ್ಕಳಾಟ ಎನ್ನುವವರಿದ್ದಾರೆ. ಅರ್ಧ ವಾಕ್ಯದ ಪದಕವನ್ನೂ ಮನೆಯಾಳಿನ ಮಾತನ್ನೂ ಬಿಡದೆ ಓದಿಸುವ ಆಟಕ್ಕೆ ನನ್ನ ಮಟ್ಟಿಗೆ ವಿಮರ್ಶೆಯ ಮೊದಲ ಪಾಠದ ಬೆಲೆಯಿದೆ. ನೀವೂ ಒಮ್ಮೆ ಆಡಿ ನೋಡಿ. ಮುಗಿಯದ ಸರಣಿ ಕೈಯಲ್ಲಿದ್ದರೆ ಕೊನೆಯ ಸಂಪುಟ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಖಳ ಹೇಗೆ ಸಾಯುತ್ತಾನೆಂದು ಬರೆದಿಡಿ, ಪಕ್ಕದಲ್ಲಿ ಪುಟದ ಸಂಖ್ಯೆ ಹಾಕಿ. ಪುಟ ತೋರಿಸಲಾಗದಿದ್ದರೆ ಮೊದಲಿನಿಂದ ಇನ್ನೊಮ್ಮೆ ಓದಿ.